‘ನಮ್ಮವರು’ ಎಂಬ ನಿಯಮ

ಗಜೇಂದ್ರಗಡದ ಬೀಜ ಸಹಕಾರ ಸಂಘದಲ್ಲಿ ಸರ್ವರಿನೊಳಗೆ ಯಾರು, ಎಲ್ಲಿಂದ ಬರಬಹುದೆಂದು ನಿಯಮ ಬರೆಯುವವಳು ಪುಷ್ಪಾವತಿ. ರೋಣ, ನರಗುಂದದ ಶಾಖೆಗಳವರೂ ಅವಳು ತೆರೆದ ದಾರಿಯಲ್ಲೇ ಬರಬೇಕು. ಹೊರಗಿನಿಂದ ಯಾರಿಗೂ ಪ್ರವೇಶವಿಲ್ಲ ಎಂಬುದು ಪಟ್ಟಿಯ ಕೊನೆಯ ನಿಯಮ. ಆದರೆ ಸರ್ವರ್ ಮೇಲಿನಿಂದ ಓದುತ್ತ ಬರುತ್ತದೆ. ಬಂದವರಿಗೆ ಮೊದಲು ಹೊಂದಿದ ನಿಯಮವನ್ನೇ ಪಾಲಿಸಿ, ಕೆಳಗಿನವನ್ನು ಬಿಡುತ್ತದೆ.

ಸೋಮವಾರ ನೋಡಿದರೆ ಸರ್ವರಿನ ದಾಸ್ತಾನು ಲೆಕ್ಕದಲ್ಲಿ ರೋಣದ ಕಡಲೆ ಬೀಜದ ಚೀಲಗಳು ಮಾರಾಟದ ರಸೀದಿಯಿಲ್ಲದೆ ಕಡಿಮೆಯಾಗಿದ್ದವು. ರವಿವಾರ ಯಾರೋ ಹೊರಗಿನಿಂದ ಬಂದು ಅಂಕಿ ತಿದ್ದಿದ್ದರು. ದಾಸ್ತಾನಿಗೆ ಎಲ್ಲರದೂ ಒಂದೇ ಲಾಗಿನ್. ಒಳಗೆ ಬಿಟ್ಟ ನಿಯಮದ ಹೆಸರಷ್ಟೇ ಪರದೆಯ ಮೇಲಿತ್ತು: ‘ನಮ್ಮವರು’.

“ನಮ್ಮವರು ಅಂದ್ರ ಆಫೀಸಿನವ್ರು,” ಎಂದರು ವ್ಯವಸ್ಥಾಪಕ ಲಕ್ಷ್ಮಪ್ಪ. “ಲ್ಯಾಪ್‌ಟಾಪ್ ಮನಿಗೆ ಒಯ್ಯಾಕಿ ರೇಷ್ಮಾ ಒಬ್ಬಾಕಿ. ನಾಳಿಂದ ನೀ ಬರಬ್ಯಾಡವಾ.”

ಗುತ್ತಿಗೆಯ ಮೇಲಿದ್ದ ರೇಷ್ಮಾ ಕುರ್ಚಿಯಿಂದ ಎದ್ದಳು. “ನಾ ನಿನ್ನೆ ಅದನ್ನ ಮುಟ್ಟೇ ಇಲ್ರಿ. ಪುಷ್ಪಕ್ಕಾ, ನೀವರ ಹೇಳ್ರಿ.”

ಪುಷ್ಪಾವತಿ ಪರದೆಯ ಮೇಲಿನ ಹೆಸರನ್ನು ಮತ್ತೆ ಓದಿದಳು. ಅವಳ ಗಂಡ ದ್ಯಾಮೇಶ ರೋಣದ ಗೋದಾಮಿನವನು. ಹೋದ ತಿಂಗಳು ಅವಳು ರೊಟ್ಟಿ ಬಡಿಯುವಾಗ, ಕೂಸು ಸೀರೆ ಜಗ್ಗಿ ಅಳುವಾಗ, ಮಂಚದ ಮೇಲಿಂದ ಹೇಳಿದ್ದ: “ಮನಿಂದ ಸರ್ವರಿಗೆ ದಾರಿ ಕೊಡು. ಸಂಜಿ ಲಗೂ ಬಂದು ಕೂಸಿನ್ನ ಹಿಡೀತೀನಿ, ಉಳದ ಕೆಲಸ ಇಲ್ಲೇ ಮುಗಸ್ತೀನಿ.” ಕೂಸನ್ನು ಹಿಡಿಯುತ್ತೇನೆಂಬ ಆ ಒಂದು ಮಾತಿಗೆ ಅವಳು ಹಿಟ್ಟಿನ ಕೈ ಒರೆಸಿಕೊಂಡು, ಅವನ ದಾರಿಯನ್ನು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿಟ್ಟಳು. ನಿಯಮಕ್ಕೊಂದು ಹೆಸರು ಬೇಕಿತ್ತು. ಗಂಡನ ಹೆಸರನ್ನು ಬಾಯಲ್ಲಿ ಆಡದವಳಿಗೆ ಬೆರಳೂ ಏಳಲಿಲ್ಲ. ‘ನಮ್ಮವರು’ ಎಂದು ಬರೆದಳು. ಅವನು ಕೂಸನ್ನು ಎತ್ತಿಕೊಂಡದ್ದು ಎರಡೇ ಸಂಜೆ. ನಿನ್ನೆ ಅವಳು ಬಟ್ಟೆ ಒಗೆಯುವಾಗ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ.

“ಯಾರಿಗೆ ಕೊಟ್ಟೀರಿ ಈ ದಾರಿ?” ಎಂದು ಲಕ್ಷ್ಮಪ್ಪ ಅವಳನ್ನು ಕೇಳಿದರು.

“ನಮ್ಮವ್ರಿಗೆ ರೀ.”

“ಅದ ಕೇಳಾಕತ್ತೀನಿ. ನಮ್ಮವ್ರೊಳಗ ಯಾರಿಗೆ?”

ರೇಷ್ಮಾ ಆಗಲೇ ತನ್ನ ಚೀಲ ಎತ್ತಿಕೊಂಡಿದ್ದಳು. ಆ ‘ನಮ್ಮವ್ರು’ ಯಾರೆಂದು ಚಹಾ ತಂದ ಬಾಳವ್ವನಿಗೆ ಮಾತ್ರ ತಿಳಿಯಿತು. ಕಪ್ಪು ಇಡುತ್ತ ಪುಷ್ಪಾವತಿಯ ಕಿವಿಯಲ್ಲಿ ಅಂದಳು: “ಲಗ್ನದಾಗ ಒಡಪ ಹಾಕಿ ಹೆಸರ ಹೇಳಿದ್ದಿಯಲ್ಲ, ಈಗೇನು ನಾಲಿಗಿ ಬಿದ್ದೈತೇನ?”

“ದ್ಯಾಮೇಶ,” ಎಂದಳು ಪುಷ್ಪಾವತಿ. ಒಡಪಿನ ಪ್ರಾಸದೊಳಗೆ ಒಮ್ಮೆ ನಾಚುತ್ತ ಹೇಳಿದ್ದ ಹೆಸರು ಈಗ ಬರಿದಾಗಿ ಬಂತು. “ರೋಣದ ದ್ಯಾಮೇಶ, ನನ್ನ ಗಂಡ. ದಾರಿ ಕೊಟ್ಟಾಕಿ ನಾನ. ರೇಷ್ಮಾಗ ಇದರ ಗಂಧಗಾಳಿ ಗೊತ್ತಿಲ್ರಿ.”

ಲಕ್ಷ್ಮಪ್ಪ ರೇಷ್ಮಾಗೆ ಕೂಡಲು ಕೈ ಮಾಡಿ, ಪುಷ್ಪಾವತಿಯತ್ತ ತಿರುಗಿದರು. “ನಿಮಗೂ ನೋಟಿಸ್ ಬರತೈತಿ.”

“ಬರ್ಲಿರಿ.”

ಅವರು ರೋಣಕ್ಕೆ ಫೋನ್ ಹಚ್ಚಲು ಒಳಗೆ ಹೋದರು. ರೇಷ್ಮಾ ಚೀಲವನ್ನು ಕಾಲ ಬಳಿ ಇಟ್ಟು ಕುಳಿತಳು. ಪುಷ್ಪಾವತಿ ಆ ನಿಯಮ ಅಳಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಫೋನ್ ರಿಂಗಾಯಿತು.

“ನನ್ನ ಹೆಸರ ಹೇಳಿದೇನ?”

“ಹೇಳೀನಿ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಲಾಗಿನ್ ಮಾಡಾಕತ್ತೀನಿ. ಫೋನ್ ಇಡ್ರಿ.”