ಸೀಮೆಸುಣ್ಣದ ವೃತ್ತಗಳ ಮೇಲೆ ಕಮಲಾಕ್ಷಿ

ವಡೋದರಾದ ಮಕರ್‌ಪುರ ಕೈಗಾರಿಕಾ ಪ್ರದೇಶ, ಬೆಳಗಿನ ಆರು ಗಂಟೆ. ವಾಲ್ವ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೋಹ ಕಡೆಯುವ ಲೇತು ಯಂತ್ರಗಳಿನ್ನೂ ಶುರುವಾಗಿಲ್ಲ. ಐವತ್ತೇಳರ ಕಮಲಾಕ್ಷಿ ಚಪ್ಪಲಿ ಬದಿಗಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಲ್ಲುತ್ತಾರೆ. ಕೈಯಲ್ಲಿರುವ ಹಾಳೆಯ ಒಂದು ಸಾಲು ಓದುತ್ತಾರೆ, ಬಾಣದ ಗುರುತು ಹಿಡಿದು ಮುಂದಿನ ವೃತ್ತಕ್ಕೆ ಕಾಲಿಡುತ್ತಾರೆ. ಕಂಡವರು ಈ ವಯಸ್ಸಿನಲ್ಲಿ ಕುಂಟೆಬಿಲ್ಲೆಯೇ ಎಂದು ನಗಬಹುದು. ಕಾಣುವವರೇ ಇಲ್ಲ.

ಲೇತು ಏನು ಮಾಡಬೇಕೆಂಬ ಆಜ್ಞೆಗಳು ಪ್ರೋಗ್ರಾಮಿನಲ್ಲಿ ಸಾಲಾಗಿ ಇರುತ್ತವೆ. ಯಂತ್ರ ಸೇರುವ ಮುನ್ನ ಅದನ್ನು ಕಮಲಾಕ್ಷಿ ಬರೆದ ಪಾರ್ಸರ್ ಎಂಬ ತಂತ್ರಾಂಶ ಓದಿ ಒಪ್ಪಬೇಕು. ಯಾವ ಆಜ್ಞೆಯ ಬೆನ್ನಿಗೆ ಯಾವುದು ಬರಬಹುದೆಂಬ ವ್ಯಾಕರಣ ಅದರೊಳಗಿದೆ. ಆ ನಿಯಮಗಳಿಂದ ಹುಟ್ಟಿದ ನಕ್ಷೆಯೇ ನೆಲದ ಮೇಲಿರುವುದು. ಪ್ರತಿ ವೃತ್ತ ಯಂತ್ರದ ಒಂದು ಸ್ಥಿತಿ, ಪ್ರತಿ ಬಾಣ ಮುಂದೆ ಹೋಗಲು ಒಂದು ಅನುಮತಿ. ದಿನಕ್ಕೆ ಸುಮಾರು ನೂರನಲವತ್ತು ಪ್ರೋಗ್ರಾಂ ಬರುತ್ತವೆ, ಎಂಟು ಹತ್ತು ನಪಾಸಾಗುತ್ತವೆ. ಅವು ಎಲ್ಲಿ ಎಡವಿದವೆಂದು ಮರುದಿನ ಇವರು ನಡೆದು ನೋಡುತ್ತಾರೆ.

“ಕಂಪ್ಯೂಟರ್ ಕಣ್ಣು ಮುಚ್ಚಿ ತೆರಿಯೋದ್ರಾಗ ಮುಗಿಸ್ತದ. ನನಗ ಕಾಲಿಗೆ ಗೊತ್ತಾಗಬೇಕ್ರಿ,” ಎನ್ನುತ್ತಾರೆ. ಪ್ರೋಗ್ರಾಮಿನ ಒಂದು ಕೆಲಸದೊಳಗೆ ಇನ್ನೊಂದು ತೆರೆದರೆ ಡಬ್ಬಿಯಿಂದ ಎಡಗೈಗೆ ಒಂದು ನಟ್ಟು, ಮುಚ್ಚಿದರೆ ಅದು ವಾಪಸು ಡಬ್ಬಿಗೆ. “ಕೊನೀಗೆ ಕೈಯಾಗ ನಟ್ಟು ಉಳೀತಂದ್ರ, ಎಲ್ಲೋ ತೆರೆದದ್ದು ಮುಚ್ಚಿಲ್ಲ ಅಂತ.”

ಗದಗಿನ ಕಮಲಾಕ್ಷಿ, ರೈಲ್ವೆಯಲ್ಲಿದ್ದ ಪತಿ ಗಿರಿಧರ ಅವರ ವರ್ಗಾವಣೆಯ ಜೊತೆ ಇಲ್ಲಿಗೆ ಬಂದವರು. ಪತಿ ತೀರಿಕೊಂಡು ನಾಲ್ಕು ವರ್ಷ. ಮಗಳು ಪೂರ್ವಿ ಅಹಮದಾಬಾದಿನ ಮಣಿನಗರದಲ್ಲಿದ್ದಾಳೆ. ಭಾನುವಾರ ಫೋನು ಬರುತ್ತದೆ, ಕನ್ನಡದಲ್ಲಿ ಶುರುವಾಗಿ ಎರಡೇ ವಾಕ್ಯಕ್ಕೆ ಗುಜರಾತಿಗೆ ಹೊರಳುತ್ತದೆ. ಮಂಜಲ್‌ಪುರದ ಮನೆಯಲ್ಲಿ ಕನ್ನಡ ಆಡಲು ಈಗ ಯಾರೂ ಇಲ್ಲ. ವೃತ್ತಗಳನ್ನು ದಾಟುವಾಗ ಒಂದು, ಎರಡು ಎಂದು ಎಣಿಸುವುದಷ್ಟೇ ಅವರ ದಿನದ ಕನ್ನಡ.

ಕಾರ್ಖಾನೆಯಲ್ಲಿ ಅವರು ಮೊದಲು ಪ್ರೋಗ್ರಾಂ ಟೈಪ್ ಮಾಡುತ್ತಿದ್ದರು. 2009ರಲ್ಲಿ ಎರಡು ಸಾಲು ಹಿಂದುಮುಂದಾದವು. ಯಂತ್ರ ತಿರುಗುತ್ತಿರುವಾಗಲೇ ಹಿಡಿತ ಬಿಟ್ಟಿತು, ಕಬ್ಬಿಣದ ತುಂಡು ಹಾರಿತು, ಆಪರೇಟರ್ ಜಯಂತಿಭಾಯಿ ಎರಡು ಬೆರಳು ಕಳೆದುಕೊಂಡರು. “ಒಂದೊಂದು ಸಾಲೂ ಸರಿ ಇತ್ತು. ಬಂದ ಸರದಿ ತಪ್ಪಿತ್ತು. ಟೈಪ್ ಮಾಡಿದಾಕಿ ನಾನು.” ಜಯಂತಿಭಾಯಿ ಒಮ್ಮೆಯೂ ಎತ್ತಿ ಆಡಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು ಎನ್ನುತ್ತಾರೆ ಕಮಲಾಕ್ಷಿ. ರಜೆಯ ದಿನಗಳಲ್ಲಿ ಪುಸ್ತಕ ಓದಿ, ಮೂರು ವರ್ಷ ಹೆಣಗಿ ಪಾರ್ಸರ್ ಬರೆದರು. ಕಾರ್ಖಾನೆಯ ಪೂಜೆಯಲ್ಲಿ ಲೇತುಗಳಿಗೆ ಹಾರ ಬೀಳುತ್ತದೆ, ಇವರಿಗೆ ಇದುವರೆಗೆ ಬಿದ್ದಿಲ್ಲ.

ಈ ತಿಂಗಳ ಕೊನೆಗೆ ಅವರ ನಿವೃತ್ತಿ. ನಕ್ಷೆ ಓದಬಲ್ಲವರು ಇನ್ನೊಬ್ಬರಿಲ್ಲದಿದ್ದರೆ ಪಾರ್ಸರ್ ನಿಲ್ಲಿಸುವುದೆಂದು ಕಚೇರಿ ಹೇಳಿದೆ. ಆರು ತಿಂಗಳಿಂದ ಬೆಳಿಗ್ಗೆ ಬನ್ನಿ, ಕಲಿಸುತ್ತೇನೆ ಎಂದು ಎಲ್ಲರನ್ನೂ ಕರೆದಿದ್ದಾರೆ. ಯಾರೂ ಬಂದಿರಲಿಲ್ಲ.

ಇವತ್ತು ಜಯಂತಿಭಾಯಿ ಬರುತ್ತಾರೆ, ಪಾಳಿಗೆ ಮುಕ್ಕಾಲು ಗಂಟೆ ಮುಂಚೆ. ಬೂಟು ಬಿಚ್ಚಿ ಮೊದಲ ವೃತ್ತದಲ್ಲಿ ನಿಲ್ಲುತ್ತಾರೆ. ಕಮಲಾಕ್ಷಿ ಡ್ರಾಯರಿನಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಕೊಡುತ್ತಾರೆ. ಅದು 2009ರ ಅದೇ ಪ್ರೋಗ್ರಾಂ. ಮೂರು ಬೆರಳಿನ ಕೈಯಲ್ಲಿ ಹಾಳೆ ಹಿಡಿದು ಅವರು ಒಂದೊಂದೇ ಸಾಲು ಓದುತ್ತಾ ನಡೆಯುತ್ತಾರೆ. ‘ತಿರುಗುತ್ತಿದೆ’ ಎಂಬ ವೃತ್ತಕ್ಕೆ ಬಂದು ಮುಂದಿನ ಸಾಲು ಓದುತ್ತಾರೆ, ‘ಹಿಡಿತ ಬಿಡು’. ಕಾಲು ಎತ್ತಿದವರು ಹಾಗೇ ನಿಲ್ಲುತ್ತಾರೆ.

“ಇಲ್ಲಿಂದ ಬಾಣವೇ ಇಲ್ಲವಲ್ಲ, ಬೆನ್,” ಎನ್ನುತ್ತಾರೆ ಗುಜರಾತಿಯಲ್ಲಿ, ಅಕ್ಕಾ ಎಂದು ಕರೆದಂತೆ.

ಕಮಲಾಕ್ಷಿಗೆ ಗುಜರಾತಿ ಚೆನ್ನಾಗಿ ಬರುತ್ತದೆ. ಆದರೂ ಬಾಯಿಗೆ ಬರುವುದು ಊರಿನ ಮಾತು. “ಇಲ್ರಿ ಅಣ್ಣಾ. ಅಲ್ಲೇ ನಿಲ್ಲಬೇಕಾಗಿತ್ತು.”