ಅನುಮಾನದ ಜ್ಞಾನತಾಯಿ

ವಿಜಯಪುರದ ಚರ್ಚಿಗೆ ನಾನು ಮೊದಲು ಹೋದದ್ದು ದೇವರನ್ನು ಹುಡುಕಿಕೊಂಡಲ್ಲ, ದನಿ ಕದಿಯಲು. ಕಂಡವರ ದನಿ ತೆಗೆದು ಅವರಂತೆಯೇ ಮಾತಾಡುವುದು ನನ್ನ ಚಟ. ತಿಕೋಟಾ ಬಸ್ಸಿನ ಕಂಡಕ್ಟರ್, ಒಣದ್ರಾಕ್ಷಿ ದಲಾಲಿ, ನಮ್ಮವ್ವ, ಯಾರನ್ನೂ ಬಿಟ್ಟಿಲ್ಲ. ಕರಾವಳಿಯಿಂದ ಬಂದ ಫಾದರ್ ಪುಸ್ತಕದೊಳಗಿಂದ ಎದ್ದು ಬಂದವರಂತೆ ಮಾತಾಡುತ್ತಾರೆ ಎಂದು ಕೇಳಿದ್ದೆ. ಎರಡೇ ಭಾನುವಾರಕ್ಕೆ ಅವರ ದನಿ ಕೈವಶವಾಯಿತು. ಆದರೆ ಪ್ರಸಾದ ಕೊಟ್ಟ ಮೇಲೆ ಎಲ್ಲರೂ ಸುಮ್ಮನೆ ಕೂರುತ್ತಾರಲ್ಲ, ಆ ಮೌನವನ್ನು ಮನೆಗೆ ತಂದು ಅಣಕಿಸಲು ಹೋದರೆ ಬರಲೇ ಇಲ್ಲ. ಇನ್ನೊಮ್ಮೆ ಕೇಳಿ ಬರೋಣವೆಂದು ಹೋದೆ. ಹಾಗೇ ವರ್ಷವಾಯಿತು.

ಕ್ರೈಸ್ತನಾಗುತ್ತೇನೆ, ದೀಕ್ಷಾಸ್ನಾನ ಬೇಕೆಂದಾಗ ಯಾರೂ ನಂಬಲಿಲ್ಲ. "ಏನ್ ಕೊಟ್ರಲೇ ನಿನಗ?" ಎಂದು ಅವ್ವ ನನ್ನ ಚೀಲ ಜಾಡಿಸಿದಳು. ಪ್ರಾರ್ಥನೆ ಪುಸ್ತಕ, ಅರ್ಧ ತಿಂದ ಬನ್ನು ಬಿದ್ದವು. ಬನ್ನನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. "ನಿಮ್ಮನ್ನು ಯಾರಾದರೂ ಒತ್ತಾಯಿಸಿದರೇ?" ಎಂದು ಫಾದರ್ ಮೂರು ಸಲ ಕೇಳಿದರು. ನನಗೂ ನನ್ನ ಮೇಲೆ ಅನುಮಾನವೇ: ಮೊಣಕಾಲೂರಿದಾಗ ತುಂಬಿ ಬಂದ ಕಣ್ಣು ನನ್ನದೋ, ಪಕ್ಕದವನ ನಕಲೋ? ಹಗಲುವೇಷದವನು ದೇವರಾಗಿ ಬಂದರೆ ನಮ್ಮ ಮುದುಕಿಯರು ವೇಷವೆಂದು ಗೊತ್ತಿದ್ದೂ ಕೈಮುಗಿಯುತ್ತಾರೆ. ಆಗ ವೇಷದವನಿಗೆ ಒಳಗೆ ಏನಾಗುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ.

ದೀಕ್ಷೆಗೆ ಜ್ಞಾನತಂದೆಯೋ ಜ್ಞಾನತಾಯಿಯೋ ಬೇಕು. ಇವನ ನಂಬಿಕೆಗೆ ನಾನು ಸಾಕ್ಷಿ ಎಂದು ನಿಲ್ಲುವವರು. ಟೇಲರ್ ಅಣ್ಣನೊಬ್ಬ ಒಪ್ಪಿದ್ದ. ಅಷ್ಟರಲ್ಲಿ ಒಂದು ಭಾನುವಾರ ಪೂಜೆಯ ನಡುವೆ ಫಾದರಿಗೆ ಕೆಮ್ಮು ಬಂದು ಮಾತು ನಿಂತಿತು. ಹಿಂದಿನ ಬೆಂಚಿನಿಂದ ನಾನು ಅವರದೇ ದನಿಯಲ್ಲಿ "ಪ್ರಭು ನಿಮ್ಮೊಂದಿಗಿರಲಿ" ಎಂದುಬಿಟ್ಟೆ. ಇಡೀ ಸಭೆ "ನಿಮ್ಮ ಆತ್ಮದೊಂದಿಗೂ ಇರಲಿ" ಎಂದು ಭಕ್ತಿಯಿಂದ ನನಗೆ ಉತ್ತರ ಕೊಟ್ಟಿತು. ಆಮೇಲೆ ತಿರುಗಿ ನೋಡಿತು.

"ನನ್ನ ಬಿಟ್ಟಬಿಡಪಾ," ಎಂದ ಟೇಲರ್ ಅಣ್ಣ, ಬಾಗಿಲಲ್ಲೇ.

ಮೆಟ್ಟಿಲ ಮೇಲೆ ಕೂತಿದ್ದೆ. ಇಬ್ರಾಹಿಂಪುರದ ನಿವೃತ್ತ ನರ್ಸ್ ಆಗ್ನೆಸ್‌ಬಾಯಿ ಬಂದು ನಿಂತರು. ಮೊದಲ ದಿನದಿಂದ ನನ್ನನ್ನು ಗುರಾಯಿಸುತ್ತಿದ್ದವರು.

"ನನ್ನ ದನೀನೂ ತಗೀತೀಯಂತಲ್ಲ? ತಗಿ, ನೋಡೂನು."

"ಸೂಜಿಗೆ ಅಳತಾರೇನಲೇ, ಗಂಡಸ ಅದಿ!" ಎಂದೆ, ಅವರಂತೆಯೇ.

ಅವರು ನಗಲಿಲ್ಲ. "ವರ್ಷದಿಂದ ನಿನ್ನ ಮ್ಯಾಲ ಕಣ್ಣಿಟ್ಟೇನಿ. ಬರೇ ಅಣಕಸಾಕ ಬಂದಾಂವ ಥಂಡ್ಯಾಗ ಮುಂಜಾನಿ ಪೂಜಿಗೆ ಬರೂದಿಲ್ಲ. ನಿನ್ನ ಜ್ಞಾನತಾಯಿ ಆಗಿ ನಾ ನಿಂದರ್ತೇನಿ. ಆದ್ರ ಪೂರಾ ನಂಬ್ಯಾಳ ಅಂತ ತಿಳಕೋಬ್ಯಾಡ. ದೀಕ್ಷಾದ ದಿನ ಫಾದರ್ ದನಿ ತಗದಿ ಅಂದ್ರ ಅಲ್ಲೇ ಕಿವಿ ಹಿಂಡ್ತೇನಿ!"

ನಂಬಿದವರು ನಿಶ್ಚಿಂತೆಯಿಂದ ಬೇರೆ ಕಡೆ ನೋಡುತ್ತಾರೆ; ವರ್ಷವಿಡೀ ಕಣ್ಣಿಟ್ಟು ಕಾಯುವವರು ಅನುಮಾನದವರೇ. ದೀಕ್ಷೆಗೆ ಅವ್ವನೂ ಬರುತ್ತಾಳಂತೆ, "ಏನ್ ಮಾಡ್ತಾರ ನೋಡೇಬಿಡೂನು" ಎಂದು. ದೀಕ್ಷೆಯ ಹೊತ್ತಿನಲ್ಲಿ ಜ್ಞಾನತಾಯಿ ಹೆಗಲ ಮೇಲೆ ಕೈಯಿಡುವುದು ಪದ್ಧತಿ. ಹೆಗಲಿನಿಂದ ಕಿವಿಗೆ ಎಷ್ಟು ದೂರವೆಂದು ಅಳೆದು ನೋಡಿದ್ದೇನೆ. ಒಂದು ಗೇಣೂ ಇಲ್ಲ. ನನ್ನಂಥವನ ಮೇಲೆ ನಂಬಿಕೆಯಿಡಲು ಅಷ್ಟು ಹತ್ತಿರವೇ ಇರಬೇಕು.