ಕತ್ತರಿ ಬಿಡದ ಮುನಿಶಾಮಮ್ಮ

ಮುನಿಶಾಮಮ್ಮ ನಮ್ಮ ಸಾದಲಿ ಪಂಚಾಯ್ತಿಯ ಮೆಂಬರು. ಓಟು ಹಾಕಿ ಗೆಲ್ಲಿಸಿದವರು ನಾವು, ರೇಷ್ಮೆ ಹುಳ ಸಾಕುವ ಮನೆಗಳ ಹೆಂಗಸರು. ಆದರೆ ಪೇಪರಿನವರ ಪಾಲಿಗೆ ಅವಳ ಗಂಡ ಕೋನಪ್ಪನೇ ಮೆಂಬರು. ಸಭೆಯಲ್ಲಿ ಜಗಳವಾಡಿ ಬೀದಿದೀಪ ಹಾಕಿಸಿದ್ದು ಇವಳು, ಮಾರನೆಯ ದಿನ ಫೋಟೋದಲ್ಲಿ ಹಲ್ಲು ಕಿರಿದದ್ದು ಅವನು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತು. ಪಿಂಚಣಿ ಕೇಳುವವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನನಗೇ ಮೈ ಉರಿಯುತ್ತಿತ್ತು, ಇನ್ನು ಅವಳಿಗೆ ಹೇಗಾಗಿರಬೇಡ.

ಒಂದು ದಿನ ನನ್ನನ್ನೂ ಎಳೆದುಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದಳು. ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಪೇಪರಿಗೂ ಸುದ್ದಿ ಕಳಿಸುವ ಮಜರ್ ಇದ್ದಾನೆ.

"ಏನಪ್ಪಾ ಮಜರ್, ನನ್ನ ಮುಖ ನಿಮ್ಮ ಪೇಪರ್‌ಗೆ ಹಿಡಿಸಲ್ವಾ?"

"ನಾನು ಎಲ್ಲರ ಫೋಟೋನೂ ಕಳಿಸ್ತೀನಮ್ಮಾ. ನೀವು ಅಂಚಲ್ಲಿ ನಿಂತ್ಕೊಂತೀರ. ಜಾಗ ಸಾಲ್ದಿದ್ರೆ ಪೇಪರ್ ಆಫೀಸಲ್ಲಿ ಅಂಚು ಕತ್ತರಿಸ್ತಾರೆ. ಟೇಪ್ ಕಟ್ ಮಾಡೋರನ್ನ ಮಾತ್ರ ಯಾರೂ ಮುಟ್ಟಲ್ಲ."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳು. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

ಮುಂದಿನ ವಾರ ಬಸ್ ಸ್ಟಾಪಿನಲ್ಲಿ ಹೆಂಗಸರ ಶೌಚಾಲಯದ ಉದ್ಘಾಟನೆ. ಅದನ್ನು ಕಟ್ಟಿಸಲು ಅವಳು ಎರಡು ವರ್ಷ ಅಲೆದಿದ್ದಳು. ಗರಿಗರಿ ಬಿಳಿ ಅಂಗಿ ತೊಟ್ಟು ಬಂದ ಕೋನಪ್ಪ ಎಂದಿನಂತೆ ಕೈ ಚಾಚಿದ.

"ಕೊಡೇ ಇಲ್ಲಿ ಕತ್ತರಿ. ಎಲ್ಲ ನೋಡ್ತಾವ್ರೆ."

"ನೋಡ್ಲಿ ಅಂತಾನೇ ಹಿಡ್ಕೊಂಡಿದೀನಿ. ಪಕ್ಕಕ್ಕೆ ನಿಂತ್ಕೊ."

ಅಷ್ಟರಲ್ಲಿ ನಾವೆಲ್ಲ ಫೋಟೋಗೆ ನುಗ್ಗಿದೆವು. ನೂಕಾಟದಲ್ಲಿ ಕೋನಪ್ಪ ಸರಿದು ಸರಿದು ಗೋಡೆಯ ಹತ್ತಿರ ಹೋಗಿ ನಿಂತ. ಸುಳ್ಳೇಕೆ ಹೇಳಲಿ, ನಾನೂ ಸೊಂಟದಿಂದ ಒಂದು ತಳ್ಳು ತಳ್ಳಿದೆ.

ಮಾರನೆಯ ದಿನದ ಪೇಪರಿನಲ್ಲಿ ನಟ್ಟನಡುವೆ ನಮ್ಮ ಮುನಿಶಾಮಮ್ಮ, ಕೈಯಲ್ಲಿ ಕತ್ತರಿ, ಕೆಳಗೆ 'ಸದಸ್ಯೆ ಮುನಿಶಾಮಮ್ಮ' ಎಂದು ಹೆಸರು. ಕೋನಪ್ಪನದು ಒಂದು ಮೊಣಕೈ ಉಳಿದಿತ್ತು. ಹುಳದ ಮನೆಯಲ್ಲಿ ಅದನ್ನು ನೋಡಿ ನೋಡಿ ನಕ್ಕು ನಮಗೆ ಹೊಟ್ಟೆ ಹಿಡಿದುಕೊಂಡಿತು. ಅವನು ಬೆಳಿಗ್ಗೆಯೆಲ್ಲ ಮುಖ ಊದಿಸಿಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಟೀ ಅಂಗಡಿಯಲ್ಲಿ ಪೇಪರು ಬಿಡಿಸಿ, "ಈ ಕೈ ನಂದೇ ಕಣ್ರಪ್ಪಾ" ಎಂದು ತೋರಿಸುತ್ತಿದ್ದನಂತೆ.

ಸಂಜೆ ನಮ್ಮ ಬೀದಿಯ ಗಂಗುಲಪ್ಪನ ತಾಯಿ ಪಿಂಚಣಿಯ ವಿಷಯಕ್ಕೆ ಅವರ ಮನೆಗೆ ಬಂದಳು. ಜಗಲಿಯ ಮೇಲಿದ್ದ ಕೋನಪ್ಪ ಟವೆಲು ಸರಿಮಾಡಿಕೊಂಡು ಎದ್ದ.

"ಏನಮ್ಮಾ, ಹೇಳು."

"ನಿನ್ನತ್ರ ಅಲ್ಲ ಕಣಪ್ಪಾ. ಮೆಂಬರ್ ಮನೇಲವ್ಳಾ?"

ಕೋನಪ್ಪ ಒಳಗೆ ತಿರುಗಿ, "ಲೇ, ಬಾರೇ. ನಿನ್ನ ಕೇಳ್ಕೊಂಡು ಬಂದವ್ರೆ" ಎಂದು ಕರೆದ.